ಲಾಗಿನ್ ಪ್ರಸಂಗ

ಜೂನ್ 9, 2025, ಸೋಮವಾರ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನನ್ನ ಫೋನಿಗೆ ಬಿಡುವಿಲ್ಲ. ತಿರುಗಾಟ ಮುಗಿಸಿ ಮನೆ ಸೇರಿದ ಕಲಾವಿದರು, ಮಳೆಗಾಲದ ತಾಳಮದ್ದಳೆಗೆ ಪದ್ಯ ಹುಡುಕುವ ಹವ್ಯಾಸಿಗಳು, ಎಲ್ಲರೂ ನಮ್ಮ ಸಂಘದ ಜಾಲತಾಣಕ್ಕೆ ಬರುವುದು ಈ ದಿನಗಳಲ್ಲೇ. ಹಳೆಯ ಮುದ್ರಿತ ಪ್ರಸಂಗಗಳನ್ನು ಸ್ಕ್ಯಾನ್ ಮಾಡಿ, ಟೈಪ್ ಮಾಡಿ ಹಾಕಿದ್ದೇವೆ. ಓದಬೇಕಾದರೆ ಖಾತೆ ತೆರೆದು ಲಾಗಿನ್ ಆಗಬೇಕು. ಪುಸ್ತಕ ಕೊಟ್ಟ ಮನೆಯವರು ‘ಯಾರು ನೋಡ್ತಾರೆ ಅಂತ ನಮಗೆ ಗೊತ್ತಾಗ್ಬೇಕು’ ಎಂದಿದ್ದರು. ಬಾಗಿಲು ಬಂದದ್ದು ಹಾಗೆ.

ಇವತ್ತು ಭಾಗವತರ ಫೋನು. “ಪಾಸ್‌ವರ್ಡ್ ಸರಿ ಉಂಟು ಮಾರಾಯ. ಇದು ಮಾತ್ರ ತಪ್ಪು ತಪ್ಪು ಅಂತ ಹೇಳ್ತದೆ.” ಖಾತೆ ಮಾಡಿಕೊಟ್ಟದ್ದು ಬೆಂಗಳೂರಿನಿಂದ ಬಂದಿದ್ದ ಮಗಳಂತೆ, ಅವಳ ಲ್ಯಾಪ್‌ಟಾಪಿನಲ್ಲಿ. ಆಗ ಎಲ್ಲ ಸರಿಯಿತ್ತಂತೆ. ಫೋನಿನಲ್ಲೇ ಪರಿಹಾರ ಹೇಳಲು ನೋಡಿದೆ, ಆಗಲಿಲ್ಲ. ನಾಳೆ ಹೋಗಬೇಕು.

ಜೂನ್ 10, ಮಂಗಳವಾರ

ಭಾಗವತರ ಮನೆ ಜಗಲಿಯಲ್ಲಿ ಕೂತು ನೋಡಿದೆ. ಅವರು ಗುಟ್ಟಿನ ಪದವನ್ನು ಒಂದೊಂದೇ ಅಕ್ಷರ ಬಾಯಲ್ಲಿ ಹೇಳುತ್ತಲೇ ಒತ್ತಿದರು. ಅಕ್ಷರವೂ ಸರಿ, ಅಂಕೆಯೂ ಸರಿ. ಪರದೆಯ ಮೇಲೆ ಮಾತ್ರ ಕಪ್ಪು ಚುಕ್ಕಿಗಳ ಸಾಲು. ಬದಿಯ ಕಣ್ಣಿನ ಚಿಹ್ನೆ ಮುಟ್ಟಿ ತೆರೆದರೆ ಗುಟ್ಟು ರಟ್ಟು: ಇಂಗ್ಲಿಷ್ ಅಕ್ಷರಗಳ ಕೊನೆಗೆ ೧೦೮ ಕೂತಿದೆ. ಮಗಳು ಇಟ್ಟದ್ದು 108. ಭಾಗವತರು ಅಕ್ಷರಕ್ಕೆ ಇಂಗ್ಲಿಷ್ ಕೀಲಿಮಣೆ ಹಾಕಿಕೊಂಡು, ಅಂಕೆ ಹೊತ್ತಿಗೆ ಅಭ್ಯಾಸಬಲದಿಂದ ಕನ್ನಡಕ್ಕೆ ದಾಟಿದ್ದಾರೆ. ನಮ್ಮ ಕಣ್ಣಿಗೆ ಎರಡೂ ನೂರಾಎಂಟು. ಯುನಿಕೋಡ್‌ನಲ್ಲಿ ಕನ್ನಡದ ಒಂದು ಬೇರೆ, ಇಂಗ್ಲಿಷಿನ ಒಂದು ಬೇರೆ. ಜಾಲತಾಣ ಪಾಸ್‌ವರ್ಡನ್ನು ಇದ್ದ ಹಾಗೇ ಇಟ್ಟುಕೊಳ್ಳುವುದೂ ಇಲ್ಲ, ಅದನ್ನು ಅರೆದು ಹಿಂದಕ್ಕೆ ತಿರುಗಿಸಲಾಗದ ಒಂದು ರೂಪ ಮಾಡಿ ಇಡುತ್ತದೆ. ‘ಹೆಚ್ಚು ಕಡಿಮೆ ಸರಿ’ ಎನ್ನುವ ತೀರ್ಪು ಅದಕ್ಕೆ ಗೊತ್ತೇ ಇಲ್ಲ.

“ಹಾಗಾದ್ರೆ ನಾನು ಹೇಳಿದ್ದು ಸರಿಯೇ ಅಲ್ವಾ?” ಎಂದರು. ಸರಿಯೇ. ಕೋಕಂ ಶರಬತ್ತು ಕುಡಿದು ಬಂದೆ.

ರಾತ್ರಿ ಕೂತು ಹಳೆಯ ದೂರುಗಳನ್ನೆಲ್ಲ ತಿರುವಿ ಹಾಕಿದೆ. ಹೆಚ್ಚಿನವು ಇದೇ ಜಾತಿಯವು. ಫೋನು ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುತ್ತದೆ. ಇಮೇಲ್ ವಿಳಾಸವನ್ನು ಸಲಹೆಯ ಪಟ್ಟಿಯಿಂದ ಆರಿಸಿದರೆ ಕೊನೆಗೊಂದು ಖಾಲಿ ಜಾಗ ಸೇರಿಸುತ್ತದೆ. ವಿಳಾಸದ ಕೊನೆಯ ಖಾಲಿ ಜಾಗವನ್ನು ಕತ್ತರಿಸಿ ಹಾಕುವ, ಲಾಗಿನ್ ಪೆಟ್ಟಿಗೆಯಲ್ಲಿ ಕನ್ನಡ ಅಂಕೆ ಬಂದರೆ ಕೂಡಲೇ ಕನ್ನಡದಲ್ಲೇ ಎಚ್ಚರಿಸುವ ನಾಲ್ಕು ಸಾಲು ಸೇರಿಸಿದೆ. ‘ಅಮಾನ್ಯ ರುಜುವಾತುಗಳು’ ಎಂದು ಯಾರೋ ಅನುವಾದಿಸಿಟ್ಟಿದ್ದ ಸಂದೇಶವನ್ನೂ ಕಿತ್ತುಹಾಕಿದೆ. ಅದನ್ನು ಓದಿ ಒಬ್ಬ ಅರ್ಥಧಾರಿ ತಮ್ಮ ಮೇಲೆ ಕೇಸು ಬಿದ್ದಿದೆ ಎಂದುಕೊಂಡಿದ್ದರು.

ಜೂನ್ 13, ಶುಕ್ರವಾರ

ಇವತ್ತಿನದು ಬೇರೆ ರೋಗ. ಶಾಲೆಯ ಮಾಸ್ಟ್ರು ಹೇಳುವುದು: ಪಾಸ್‌ವರ್ಡ್ ಹಾಕಿದರೆ ತಪ್ಪು ಎನ್ನುವುದಿಲ್ಲ, ಒಳಗೂ ಬಿಡುವುದಿಲ್ಲ, ‘ಲಾಗಿನ್ ಆಗಿ’ ಎಂದು ಮತ್ತೆ ಕೇಳುತ್ತದೆ. ವಾಟ್ಸಾಪ್‌ ಗುಂಪಿನಲ್ಲಿ ಯಾರೋ ಹಂಚಿದ ಕೊಂಡಿಯಲ್ಲಿ ಮುಂದೆ ಮೂರು ಡಬ್ಲ್ಯೂ ಇದೆ. ಒಳಗೆ ಹೋದ ಮೇಲೆ ನಮ್ಮ ತಾಣ ಅವರನ್ನು ಡಬ್ಲ್ಯೂ ಇಲ್ಲದ ವಿಳಾಸಕ್ಕೆ ಕಳಿಸುತ್ತದೆ. ‘ಇವರು ನಮ್ಮವರು’ ಎಂದು ಬ್ರೌಸರಿಗೆ ಕೊಟ್ಟ ಕುಕ್ಕಿ ಮೊದಲ ವಿಳಾಸಕ್ಕೆ ಮಾತ್ರ ಸಲ್ಲುವಂಥದ್ದು. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಕುಕ್ಕಿಯನ್ನು ತಂದದ್ದೇ, ಪುಟದಿಂದ ಪುಟಕ್ಕೆ ಹೋದಾಗ ಮನುಷ್ಯನನ್ನು ಮರೆತುಬಿಡುವ ವೆಬ್‌ಗೆ ಒಂದಿಷ್ಟು ನೆನಪು ಇರಲಿ ಎಂದು. ಒಂದು ವಿಳಾಸದ ಕುಕ್ಕಿ ಇನ್ನೊಂದಕ್ಕೆ ಹೋಗಬಾರದು ಎನ್ನುವುದು ಸುರಕ್ಷತೆಯ ನಿಯಮವೇ. ಡಬ್ಲ್ಯೂ ಇರುವ ವಿಳಾಸಕ್ಕೆ ಬಂದವರನ್ನು ಹೊಸ್ತಿಲಲ್ಲೇ ಸರಿಯಾದ ವಿಳಾಸಕ್ಕೆ ತಿರುಗಿಸುವ 301 ಹಾಕಿದೆ. ಮಾಸ್ಟ್ರಿಗೆ ಹೇಳಿದೆ, ಸರಿಯಾಯಿತು. ಕಾರಣ ಅವರಿಗೆ ಬೇಡವಾಗಿತ್ತು.

ಜೂನ್ 16, ಸೋಮವಾರ

ಮಳೆ. ಕರೆಂಟಿಲ್ಲ. ಪಾಸ್‌ವರ್ಡ್ ಬದಲಿಸುವ ಇಮೇಲ್ ಬರುವುದಿಲ್ಲ ಎಂಬ ದೂರುಗಳನ್ನು ಫೋನಿನಲ್ಲೇ ನೋಡಿದೆ. ಇಮೇಲ್ ಹೊರಡುತ್ತಿದೆ, ಹೋಗಿ ಬೀಳುವುದು ಸ್ಪಾಮ್‌ನಲ್ಲಿ. 2024ರ ಫೆಬ್ರವರಿಯಿಂದ ಜಿಮೇಲ್ ಬಿಗಿಯಾಗಿದೆ: ‘ಈ ಹೆಸರಿನಲ್ಲಿ ಪತ್ರ ಕಳಿಸಲು ಈ ಯಂತ್ರಕ್ಕೆ ಅಧಿಕಾರ ಉಂಟು’ ಎನ್ನುವ ಎಸ್‌ಪಿಎಫ್ ಅಥವಾ ಡಿಕಿಮ್ ದಾಖಲೆ ಸಣ್ಣವರಿಗೂ ಬೇಕು. ತಾಣಕ್ಕೆ ಜಾಗ ಬಾಡಿಗೆಗೆ ಕೊಟ್ಟ ಕಂಪನಿಯವರು ‘ಎಲ್ಲ ಸರಿಯಿದೆ ಸರ್’ ಎನ್ನುತ್ತಲೇ ಇದ್ದಾರೆ. ಕರೆಂಟು ಬಂದ ಮೇಲೆ ದಾಖಲೆ ನಾನೇ ಸೇರಿಸಬೇಕು.

ಜೂನ್ 22, ಭಾನುವಾರ

ನಿನ್ನೆ ರಾತ್ರಿ ದೇವಸ್ಥಾನದ ಸಭಾಭವನದಲ್ಲಿ ತಾಳಮದ್ದಳೆ, ‘ಕರ್ಣಾರ್ಜುನ ಕಾಳಗ’. ಒಂಬತ್ತರ ಹೊತ್ತಿಗೆ ಅಲ್ಲಿಂದ ಕರೆ: ಯಾರಿಗೂ ತಾಣದ ಒಳಗೆ ಹೋಗಲಾಗುತ್ತಿಲ್ಲ, ಸರಿಯಾದ ಪಾಸ್‌ವರ್ಡ್ ಇದ್ದವರಿಗೂ ಇಲ್ಲ. ದಾಖಲೆ ತೆಗೆದು ನೋಡಿದರೆ ‘ಪ್ರವೇಶವಿಲ್ಲ’ ಎನ್ನುವ ಸಾಲುಸಾಲು 403, ಎಲ್ಲವೂ ಒಂದೇ ಐಪಿ ವಿಳಾಸಕ್ಕೆ. ಭವನಕ್ಕೆ ಇರುವುದೊಂದು ವೈಫೈ. ಹೊರಗಿನಿಂದ ನೋಡುವವರಿಗೆ ಅಲ್ಲಿರುವ ಎಲ್ಲ ಫೋನೂ ಒಂದೇ ವಿಳಾಸ. ಒಬ್ಬರು ಪಾಸ್‌ವರ್ಡ್ ಮರೆತು ಮತ್ತೆ ಮತ್ತೆ ತಪ್ಪು ಒತ್ತಿದ್ದಾರೆ. ಕಳ್ಳರನ್ನು ತಡೆಯಲು ಇಟ್ಟ ಕಾವಲು ಆ ವಿಳಾಸಕ್ಕೇ ಬಾಗಿಲು ಹಾಕಿದೆ. ಭಾಗವತರು, ಕರ್ಣ, ಅರ್ಜುನ, ಶಲ್ಯ ಎಲ್ಲರೂ ಹೊರಗೆ! ಬೀಗ ತೆಗೆಸಿದೆ. ಅಷ್ಟರಲ್ಲಿ ಯಾರದೋ ಚೀಲದಿಂದ ಹರಿದ ಪುಸ್ತಕವೊಂದು ಹೊರಬಂದು ಪದ್ಯ ಶುರುವಾಗಿತ್ತಂತೆ.

ಇನ್ನು ಮುಂದೆ ತಪ್ಪು ಒತ್ತಿದ್ದರ ಲೆಕ್ಕ ಐಪಿ ವಿಳಾಸದ ಮೇಲಲ್ಲ, ಖಾತೆಯ ಮೇಲೆ. ಮೊಬೈಲ್ ಕಂಪನಿಗಳೂ ಒಬ್ಬರಿಗೊಬ್ಬರು ಗೊತ್ತಿಲ್ಲದ ಗಿರಾಕಿಗಳನ್ನು ಒಂದೇ ಐಪಿಯ ಹಿಂದೆ ಸೇರಿಸುತ್ತವೆ. ಹಾಗಾಗಿ ಇದು ಭವನದ ವೈಫೈಯೊಂದರ ಪಾಡಲ್ಲ.

ಹಾಗಾದರೆ ನಿಜವಾದ ಕಳ್ಳರು? ಅವರು ಹಾಯಾಗಿ ಒಳಗಿದ್ದಾರೆ. ಖಾತೆಗಳ ಪಟ್ಟಿಯಲ್ಲಿ ಬಾಯಿಗೆ ಬಾರದ ಹೆಸರುಗಳು ಸರಿರಾತ್ರಿ ಹಿಂಡುಹಿಂಡಾಗಿ ಸೇರಿವೆ. ಜಿಮೇಲ್ ವಿಳಾಸದ ನಡುವಿನ ಚುಕ್ಕಿಯನ್ನು ಗೂಗಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚುಕ್ಕಿಯ ಜಾಗ ಬದಲಿಸಿದರೆ ಒಂದೇ ಅಂಚೆಪೆಟ್ಟಿಗೆಯಿಂದ ಹತ್ತಾರು ‘ಸದಸ್ಯರು’ ಹುಟ್ಟುತ್ತಾರೆ.

ಜೂನ್ 24, ಮಂಗಳವಾರ

ಕಾರ್ಯದರ್ಶಿಗಳ ಜೊತೆ ವಾದ. ಅನುದಾನದ ಅರ್ಜಿಗೆ ‘ಸದಸ್ಯರ ಸಂಖ್ಯೆ’ ಬೇಕು, ಪಟ್ಟಿಯ ಕೆಳಗೆ ಕಾಣುವ ದೊಡ್ಡ ಅಂಕಿಯನ್ನೇ ಬರೆಯೋಣ ಎನ್ನುತ್ತಾರೆ. ಅದರಲ್ಲಿ ಮನುಷ್ಯರೆಷ್ಟು ಎಂದು ನಾನು ಕೇಳಿದೆ. ಖಾತೆ ತೆರೆದವರು, ದೃಢೀಕರಣದ ಕೊಂಡಿ ಒತ್ತಿದವರು, ಆಮೇಲೆ ಬಂದು ಒಂದು ಪ್ರಸಂಗವನ್ನಾದರೂ ತೆರೆದವರು, ಇವು ಮೂರು ಬೇರೆ ಲೆಕ್ಕ. ನಡುವಿನದನ್ನೂ ಪೂರ್ತಿ ನಂಬುವಂತಿಲ್ಲ. ಕೆಲವು ಕಚೇರಿಗಳ ಇಮೇಲ್‌ನಲ್ಲಿ ವೈರಸ್ ಪರೀಕ್ಷಿಸುವ ತಂತ್ರಾಂಶವೇ ಕೊಂಡಿಯನ್ನು ಒತ್ತಿ ನೋಡುತ್ತದೆ. ಮೂರನೆಯದನ್ನು ನಮ್ಮ ತಾಣ ನಡೆಸುವ ವರ್ಡ್‌ಪ್ರೆಸ್ ತಾನಾಗಿ ತೋರಿಸುವುದಿಲ್ಲ. ಕೊನೆಯ ಸಲ ಬಂದ ದಿನಕ್ಕೆ ಅದರ ಬಳಕೆದಾರರ ಪಟ್ಟಿಯಲ್ಲಿ ಅಂಕಣವೇ ಇಲ್ಲ, ನಾವೇ ಸೇರಿಸಿಕೊಳ್ಳಬೇಕು.

“ನಮ್ಮ ಜನ ಮಧ್ಯಾಹ್ನ ಮೂರೂವರೆಗೆ ಸೇರ್ತಾರಲ್ಲ, ಊಟ ಆಗಿ ಮಲಗುವ ಹೊತ್ತಲ್ವಾ ಅದು?” ಎಂದು ಅವರೇ ಇನ್ನೊಂದು ಕೇಳಿದರು. ಖಾತೆ ತೆರೆದ ಹೊತ್ತನ್ನು ವರ್ಡ್‌ಪ್ರೆಸ್ ಗ್ರೀನಿಚ್ ಸಮಯದಲ್ಲಿ ಬರೆದಿಡುತ್ತದೆ, ಐದೂವರೆ ಗಂಟೆ ಕೂಡಿಸಬೇಕು. ಮೂರೂವರೆ ಎಂದರೆ ರಾತ್ರಿ ಒಂಬತ್ತು, ತಾಳಮದ್ದಳೆ ಹೊತ್ತು. ಅವರಿಗೆ ಖುಷಿಯಾಯಿತು.

ಫಾರ್ಮಿನಲ್ಲಿ ಫೋನ್ ನಂಬರು, ವಯಸ್ಸು, ತಾಲೂಕು ಕೇಳೋಣ ಎಂಬುದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ನಮ್ಮಲ್ಲಿ ಯಕ್ಷಗಾನ ಕಲಿಯುವ ಶಾಲಾ ಮಕ್ಕಳಿದ್ದಾರೆ. ಹದಿನೆಂಟರೊಳಗಿನವರ ಮಾಹಿತಿ ಪಡೆಯಲು ಹೆತ್ತವರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ, ಪದ್ಯ ಓದಲು ಬಂದ ಹುಡುಗಿಯ ಫೋನ್ ನಂಬರು ನಮಗೆ ಎಂತಕ್ಕೆ?

ಜೂನ್ 26, ಗುರುವಾರ

ಯಂತ್ರಗಳನ್ನು ತಡೆಯಲು ಚಿತ್ರದ ಕ್ಯಾಪ್ಚಾ ಹಾಕಿ ಎಂದು ಗೆಳೆಯನ ಸಲಹೆ. ಪರೀಕ್ಷೆಗೆಂದು ಭಾಗವತರಿಗೆ ತೋರಿಸಿದೆ. ಅಮೆರಿಕದ ರಸ್ತೆ ಬದಿಯ ಬೆಂಕಿ ಆರಿಸುವ ಕೆಂಪು ನಲ್ಲಿಗಳನ್ನು ಗುರುತಿಸಬೇಕಿತ್ತು. ಅವರು ಕನ್ನಡಕ ಸರಿಮಾಡಿ ನೋಡಿ, “ಇದೆಂತ, ಲಿಂಗವಾ?” ಎಂದರು. ಅಲ್ಲಿಗೆ ಆ ಆಲೋಚನೆ ಮುಗಿಯಿತು. ವಿಚಿತ್ರವೆಂದರೆ, 2009ರಲ್ಲಿ ಗೂಗಲ್ ಕೊಂಡ ರಿಕ್ಯಾಪ್ಚಾ ಮೊದಲು ಜನರಿಂದ ಓದಿಸಿದ್ದು ಹಳೆಯ ಪುಸ್ತಕ, ಪತ್ರಿಕೆಗಳ ಮಸುಕು ಪದಗಳನ್ನು. ಯಂತ್ರಕ್ಕೆ ಓದಲಾಗದ ಅಚ್ಚನ್ನು ಮನುಷ್ಯರ ಕಣ್ಣು ಓದಿಕೊಟ್ಟಿತು. ಭಾಗವತರಿಗೆ ಅಂಥ ಕ್ಯಾಪ್ಚಾ ಕೊಟ್ಟಿದ್ದರೆ ನೂರಕ್ಕೆ ನೂರು.

ಅದರ ಬದಲು ಫಾರ್ಮಿನಲ್ಲಿ ಮನುಷ್ಯರ ಕಣ್ಣಿಗೆ ಬೀಳದ ಒಂದು ಖಾಲಿ ಪೆಟ್ಟಿಗೆ ಇಟ್ಟಿದ್ದೇನೆ. ಕಂಡ ಪೆಟ್ಟಿಗೆಯನ್ನೆಲ್ಲ ತುಂಬುವುದು ಯಂತ್ರದ ಚಟ. ಇದನ್ನು ತುಂಬಿದ್ದೇ ಹೊರಕ್ಕೆ. ಜಾಣ ಯಂತ್ರಗಳು ತಪ್ಪಿಸಿಕೊಳ್ಳುತ್ತವೆ, ಗೊತ್ತು. ನಮ್ಮಲ್ಲಿಗೆ ಬರುವವು ಅಷ್ಟು ಜಾಣವಲ್ಲ.

ಜೂನ್ 28, ಶನಿವಾರ

ಸಮಿತಿ ಸಭೆ. ಓದುವುದಕ್ಕೆ ಲಾಗಿನ್ ಬೇಡ, ಪಾಠ ತಿದ್ದುವವರಿಗೆ, ಹೊಸ ಪ್ರಸಂಗ ಸೇರಿಸುವವರಿಗೆ ಮಾತ್ರ ಸಾಕು ಎಂದು ಹೇಳಿದೆ. ಪುಸ್ತಕ ಕೊಟ್ಟ ಮನೆಯವರಿಗೆ ತಿಂಗಳಿಗೊಮ್ಮೆ ಯಾವ ಪ್ರಸಂಗವನ್ನು ಎಷ್ಟು ಸಲ ತೆರೆದಿದ್ದಾರೆ ಎಂಬ ಪಟ್ಟಿ ಕಳಿಸಬಹುದು. ಹೆಸರು ಅದರಲ್ಲಿ ಇರುವುದಿಲ್ಲ. ಇಬ್ಬರು ಒಪ್ಪಲಿಲ್ಲ, ಉಳಿದವರು ಒಪ್ಪಿದರು. ಅರ್ಜಿಗೆ ಮೂರನೆಯ ಲೆಕ್ಕವನ್ನೇ ಬರೆಯುತ್ತೇವೆ, ಚಿಕ್ಕದು. ಕಾರ್ಯದರ್ಶಿಗಳ ಮುಖ ಇನ್ನೂ ಗಂಟು.

ಸಂಜೆ ಭಾಗವತರ ಫೋನು. ಲಾಗಿನ್ ಸರಾಗ. ಆದರೆ ಪಂಚವಟಿಯ ಒಂದು ಪದ್ಯಕ್ಕೆ ನಾವು ಏಕತಾಳ ಎಂದು ಹಾಕಿದ್ದೇವಂತೆ, ಅದು ಝಂಪೆ ಆಗಬೇಕಂತೆ. ತಿದ್ದಿ ಎಂದೆ. “ನಾನೇ ತಿದ್ದಬಹುದಾ?” ಎಂದರು. ಅವರ ಖಾತೆಗೆ ಆ ಅಧಿಕಾರ ಕೊಟ್ಟೆ. ಮೂಲ ಅಚ್ಚಿನಲ್ಲಿ ಏನಿದೆ ಎಂದು ನಾಳೆ ನಾನೂ ಒಮ್ಮೆ ನೋಡಬೇಕು. ಅಚ್ಚಿನಲ್ಲಿಯೂ ಏಕ ಎಂದೇ ಇದ್ದರೆ ಜಗಳ ಉಂಟು.