ಕದಲಿದ ಚೆಂಡು

ಕಾಣದ ವಸ್ತುವನ್ನು ಪ್ರೀತಿಸುವುದರಲ್ಲಿ ಮನುಷ್ಯನನ್ನು ಮೀರಿಸಬಲ್ಲ ಪ್ರಾಣಿ ಬೇರೊಂದಿಲ್ಲ. ಸಮುದ್ರವನ್ನು ನೋಡದವನು ಹಡಗಿನ ಕಥೆಗೆ ಕಿವಿಗೊಡುತ್ತಾನೆ. ಹಿಮವನ್ನು ಮುಟ್ಟದವನು ಹಿಮಾಲಯದ ಚಿತ್ರವನ್ನು ಗೋಡೆಗೆ ತೂಗುಹಾಕುತ್ತಾನೆ. ಯಾದಗಿರಿಯ ಕಾಳಿನ ವ್ಯಾಪಾರಿಯೊಬ್ಬರು, ಶಹಾಪುರದ ನಿವೃತ್ತ ಮಾಸ್ತರರೊಬ್ಬರು, ಸುರಪುರದ ಕಡೆಯ ಗೌಡರೊಬ್ಬರು – ಈ ಮೂವರು ಹೀಗೆ ಮನಸ್ಸು ಕೊಟ್ಟದ್ದು ಗಾಲ್ಫ್ ಆಟಕ್ಕೆ.

ಮೂವರಲ್ಲಿ ಒಬ್ಬರೂ ಆ ಆಟದ ಕೋಲನ್ನು ಕೈಯಲ್ಲಿ ಹಿಡಿದವರಲ್ಲ. ಹಿಡಿಯುವುದಾದರೂ ಎಲ್ಲಿ? ಯಾದಗಿರಿಯಲ್ಲಿ ಕೋಟೆ ಹೊತ್ತ ಬೆಟ್ಟ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಗುಡ್ಡ. ಸುರಪುರದಲ್ಲಿ ಬಂಡೆಯ ಮೇಲೆ ಬಂಡೆ. ಮೆಡೋಸ್ ಟೇಲರ್ ಸಾಹೇಬನು ಕಟ್ಟಿಸಿದ ಬಂಗಲೆ ಅಲ್ಲಿನ ಗುಡ್ಡದ ಮೇಲೆ ಇಂದಿಗೂ ಇದೆ. ಅದರ ಅಂಗಳದಿಂದ ಚೆಂಡು ಹೊಡೆದರೆ ಅದು ಕುಳಿಗೆ ಬೀಳುವ ಬದಲು ಕೆಳಗಿನ ಯಾರದಾದರೂ ಮಾಳಿಗೆಯ ಮೇಲೆ ಬಿದ್ದೀತು. ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ಬಿದೆಯೆಂಬುದೇನೋ ನಿಜ. ಆದರೆ ಬೆಂಗಳೂರು ಎಲ್ಲಿ, ಭೀಮೆಯ ದಂಡೆ ಎಲ್ಲಿ!

ಶಹಾಪುರವು ಮೂವರಿಗೂ ನಡುದಾರಿ. ಆದ್ದರಿಂದ ಭಾನುವಾರ ಅಲ್ಲಿನ ಒಂದು ಹೊಟೇಲಿನ ಮೂಲೆಯ ಮೇಜೇ ಅವರ ಕ್ಲಬ್ಬು. ಪ್ರವೇಶಧನವೆಂದರೆ ಒಂದು ತಟ್ಟೆ ಸುಸಲಾ, ಎರಡು ಮಿರ್ಚಿ, ಒಂದು ಕಪ್ಪು ಚಹ. ಮಾಸ್ತರರ ಕೈಚೀಲದಲ್ಲಿ ಹಳೆಯ ಪತ್ರಿಕೆಗಳಿಂದ ಕತ್ತರಿಸಿಟ್ಟ ಚೂರುಗಳ ಕಂತೆ. ಒಬ್ಬರು ಕೇಳಬೇಕು, ಇನ್ನಿಬ್ಬರು ಹೇಳಬೇಕು. ಸೋತವರು ಚಹದ ಹಣ ತೆರಬೇಕು.

‘ಕುಳಿಯ ಅಗಲ ಎಷ್ಟರೀ?’ ಎಂದರೆ ‘ನಾಲ್ಕೂಕಾಲು ಇಂಚು’ ಎಂದು ಗೌಡರು ಮಿರ್ಚಿ ಮುರಿಯುತ್ತಲೇ ಉತ್ತರಿಸುವರು. ಚಂದ್ರನ ಮೇಲೆ ಗಾಲ್ಫ್ ಚೆಂಡು ಹೊಡೆದವನು ಯಾರು? 1971ರಲ್ಲಿ ಅಪೊಲೊ 14ರಲ್ಲಿ ಹೋದ ಅಲನ್ ಶೆಪರ್ಡ್. ಕಲ್ಕತ್ತೆಯ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವನ ಮಗ ಯಾರು? 2008ರಲ್ಲಿ ದೆಹಲಿಯ ಇಂಡಿಯನ್ ಮಾಸ್ಟರ್ಸ್ ಗೆದ್ದ ಚೌರಾಸಿಯಾ. ನಮ್ಮ ಕಡೆಯವರು ಯಾರಿದ್ದಾರೆ? ಬಿಡದಿಯ ಬಳಿ ಕೋಲಿನ ಚೀಲ ಹೊರುತ್ತಿದ್ದು, ಮುಂದೆ ವೃತ್ತಿಯ ಆಟಗಾರನಾದ ಚಿಕ್ಕರಂಗಪ್ಪ.

ವ್ಯಾಪಾರಿಗಳಿಗೆ ಬೆನ್ ಹೋಗನನೆಂದರೆ ಪ್ರಾಣ. 1949ರ ಫೆಬ್ರುವರಿಯಲ್ಲಿ ಎದುರಿನಿಂದ ಬಸ್ಸು ಬಂದು ಕಾರಿಗೆ ಅಪ್ಪಳಿಸಿದಾಗ ಅವನು ಹೆಂಡತಿಗೆ ಅಡ್ಡವಾಗಿ ಬಿದ್ದು ಅವಳನ್ನು ಉಳಿಸಿದನು. ಮತ್ತೆ ನಡೆದಾನೆಯೇ ಎಂಬ ಸಂಶಯವಿದ್ದವನು 1950ರ ಜೂನಿನಲ್ಲಿ ಅಮೆರಿಕದ ಓಪನ್ ಗೆದ್ದನು. ಈ ಕಥೆ ಹೇಳುವಾಗ ವ್ಯಾಪಾರಿಗಳು ತೊಗರಿಯ ಧಾರಣೆಯನ್ನೂ ಮರೆಯುತ್ತಾರೆ. ಗೌಡರಿಗೆ ಅದಿತಿ ಅಶೋಕ್ ಮನೆಯ ಮಗಳಿದ್ದಂತೆ. 2021ರ ಆಗಸ್ಟ್ 7ರ ಬೆಳಗ್ಗೆ ಅವರು ಹೊಲಕ್ಕೆ ಹೋಗದೆ ಟೀವಿಯ ಮುಂದೆ ಕುಳಿತಿದ್ದರು. ಟೋಕಿಯೋದಲ್ಲಿ ತಾಯಿಯ ಹೆಗಲ ಮೇಲೆ ಕೋಲಿನ ಚೀಲ, ಮಗಳ ಕಣ್ಣು ಕುಳಿಯ ಮೇಲೆ. ಒಂದೇ ಒಂದು ಹೊಡೆತ ಹೆಚ್ಚಾಗಿ ಕಂಚು ತಪ್ಪಿತು. ನಾಲ್ಕನೆಯ ಸ್ಥಾನ ದೊರೆಯಿತು. ಅಂದು ಗೌಡರ ಮನೆಯಲ್ಲಿ ಊಟ ತಡವಾಯಿತಂತೆ.

ಒಂದು ಹೊಡೆತದ ಬೆಲೆಯ ಮಾತು ಬಂದಾಗಲೇ ಮಾಸ್ತರರು ಬಾಬಿ ಜೋನ್ಸನ ಕಥೆ ತೆಗೆದರು. 1925ರ ಅಮೆರಿಕದ ಓಪನ್. ಜೋನ್ಸನ ಕೋಲು ಹುಲ್ಲಿಗೆ ತಾಗಿದಾಗ ಚೆಂಡು ಕೂದಲೆಳೆಯಷ್ಟು ಕದಲಿತು. ನೋಡಿದವರು ಒಬ್ಬರೂ ಇಲ್ಲ. ಅಧಿಕಾರಿಗಳು ಬೇಡವೆಂದರೂ ಅವನು ತನ್ನ ಲೆಕ್ಕಕ್ಕೆ ತಾನೇ ಒಂದು ಹೊಡೆತ ಸೇರಿಸಿಕೊಂಡನು. ಕಡೆಗೆ ವಿಲಿ ಮ್ಯಾಕ್‌ಫರ್ಲೇನನೊಡನೆ ಸಮಸಮವಾಗಿ, ಮರುಪಂದ್ಯದಲ್ಲಿ ಸೋತನು.

‘ಯಾರೂ ನೋಡಿಲ್ಲಂದ ಮ್ಯಾಲ ಹೇಳೂದು ಯಾಕ್ರೀ ಮಾಸ್ತರ? ಕೈಯಾಗ ಬಂದದ್ದು ಹೋತಲ್ಲ!’ ಎಂದರು ವ್ಯಾಪಾರಿಗಳು.

‘ಅವ ನೋಡಿದ್ನಲ್ರೀ ಸಾವ್ಕಾರ್ರ, ಅಷ್ಟು ಸಾಲದೇನು?’

ಎಂದಿನಂತೆ ವಾದ ಬೆಳೆಯಿತು. ಜೋನ್ಸನನ್ನು ಯಾರೋ ಹೊಗಳಿದಾಗ, ಕಳ್ಳತನ ಮಾಡದವನನ್ನೂ ಹೊಗಳುವುದುಂಟೆ ಎಂಬರ್ಥದ ಮಾತನ್ನು ಅವನು ಆಡಿದನೆಂದು ಮಾಸ್ತರರು ಹೇಳಿದರು. ಗೌಡರು ಮಾತ್ರ ಮಾತಾಡಲಿಲ್ಲ. ಚಹ ಆರಿತು, ಅವರು ಕುಡಿಯದೆ ಎದ್ದರು.

ಮುಂದಿನ ಎರಡು ಭಾನುವಾರ ಗೌಡರು ಬರಲಿಲ್ಲ. ಮೂರನೆಯ ವಾರ ಬಂದವರು ತಾವಾಗಿ ಹೇಳಿದರು. ಅವರ ಹೊಲಕ್ಕೂ ತಮ್ಮನ ಹೊಲಕ್ಕೂ ನಡುವೆ ಒಂದೇ ಬದು. ತಮ್ಮ ಬೆಂಗಳೂರಿಗೆ ದುಡಿಯಲು ಹೋಗಿ ವರ್ಷಗಳಾದವು. ಎರಡನ್ನೂ ಉಳುವವರು ಗೌಡರೇ. ಪ್ರತಿವರ್ಷ ಉಳುವಾಗ ಬದು ಬೆರಳಷ್ಟು, ಗೇಣಷ್ಟು ಆ ಕಡೆಗೆ ಸರಿಯುತ್ತ ಹೋಯಿತು. ಕಾಲುವೆಯ ನೀರು ಹರಿಯುವ ಭೂಮಿ, ಗೇಣಿಗೂ ಬೆಲೆಯುಂಟು. ನೋಡಿದವರು ಯಾರೂ ಇರಲಿಲ್ಲ. ಗೌಡರು ಸರ್ವೆಯವರನ್ನು ಕರೆಸಿ ಸರಪಳಿ ಹಿಡಿಸಿದರು. ಒಂದು ಕೊನೆಯಲ್ಲಿ ಒಂದೂವರೆ ಮೊಳ, ಇನ್ನೊಂದು ಕೊನೆಯಲ್ಲಿ ಮೂರು ಮೊಳ ಒತ್ತುವರಿಯಾಗಿತ್ತು. ಬದುವನ್ನು ಕೆಡವಿ ಹಿಂದಕ್ಕೆ ಹಾಕಿಸಿ, ತಮ್ಮನಿಗೆ ಫೋನು ಮಾಡಿದರು.

‘ಏನಂದ ತಮ್ಮ?’ ಎಂದು ಕೇಳಿದರು ಮಾಸ್ತರರು.

‘ಹೊಲ ಕಡಿಮಿ ಆಗಿದ್ದು ಅವಗ ಗೊತ್ತs ಇರಲಿಲ್ಲ. ಬಹಳೊತ್ತು ಸುಮ್ನಿದ್ದ. ಆಮ್ಯಾಲ, ದೀಪಾವಳಿಗೆ ಬರ್ತೀನಣ್ಣ ಅಂದ. ನಾಕು ವರ್ಷಾಗಿತ್ತು ಬಂದು.’

ವ್ಯಾಪಾರಿಗಳು ಕೆಮ್ಮಿದರು, ಏನನ್ನೋ ಹೇಳಲು ಹೊರಟು, ಹೇಳಲಿಲ್ಲ. ಅಂದು ಪ್ರಶ್ನೆ ಕೇಳುವ ಸರದಿ ಅವರದಾಗಿತ್ತು. ಅವರು ಪ್ರಶ್ನೆಯನ್ನೇ ಕೇಳದೆ ಮೂರು ಚಹದ ಹಣವನ್ನು ಮೇಜಿನ ಮೇಲಿಟ್ಟರು. ಯಾದಗಿರಿಯ ಬಸ್ಸು ಹೊರಡಲು ಇನ್ನೂ ಹೊತ್ತಿತ್ತಾಗಿ, ಜೋನ್ಸನು 1930ರಲ್ಲಿ ಗೆದ್ದ ನಾಲ್ಕು ಪಂದ್ಯಗಳು ಯಾವುವೆಂದು ಇನ್ನೊಮ್ಮೆ ಹೇಳುವಂತೆ ಮಾಸ್ತರರನ್ನು ಕೇಳಿಕೊಂಡರು.