ಪಂಪಿನ ಪರೀಕ್ಷೆ

ಸಿಂಧನೂರಿನ ಕಡೆಯ ನಮ್ಮ ಹಳ್ಳಿಯಿಂದ ಲಿಂಗಸುಗೂರಿನ ಕಾಲೇಜಿಗೆ ನಾನು ಅಪ್ಪನ ಮೋಟಾರುಸೈಕಲ್ಲಿನ ಮೇಲೆ ಬರುವುದುಂಟು. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅದು ಮಸ್ಕಿಯ ಬಳಿ ಕೆಮ್ಮಿ ನಿಂತುಬಿಟ್ಟಿತು. ದೀಪ ಉರಿಯುತ್ತಿತ್ತು, ಹಾರನ್ನು ಕೂಗುತ್ತಿತ್ತು, ಟ್ಯಾಂಕಿನಲ್ಲಿ ಪೆಟ್ರೋಲೂ ಇತ್ತು. ಎಂಜಿನ್ನು ಮಾತ್ರ ಏಳಲೊಲ್ಲದು.

2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಗಾಡಿಗಳಲ್ಲಿ ಹಳೆಯ ಕಾರ್ಬೊರೇಟರು ಬಹುಮಟ್ಟಿಗೆ ಮಾಯವಾಗಿದೆ. ಈಗ ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಪೆಟ್ರೋಲನ್ನು ಒತ್ತಿ ಇಂಜೆಕ್ಟರಿಗೆ ಕಳಿಸುತ್ತದೆ. ಕೀಲಿ ತಿರುಗಿಸಿದೊಡನೆ ಎರಡು ಮೂರು ಸೆಕೆಂಡು 'ಗುಂಯ್' ಎನ್ನುವುದು ಅದೇ. ಅಂದು ಆ ಸದ್ದು ಬಹಳ ಕ್ಷೀಣವಾಗಿತ್ತು.

ಹತ್ತಿರದ ಗ್ಯಾರೇಜಿನವನು ಕಿವಿಗೊಟ್ಟು ಕೇಳಿ, "ಪಂಪು ಹೋಗೇದ, ಹೊಸಾದು ಹಾಕಬೇಕು" ಎಂದ. ಅಷ್ಟು ಹಣ ಮನೆಯಲ್ಲಿ ಇದ್ದದ್ದು ಭತ್ತದ ಗೊಬ್ಬರಕ್ಕೆಂದು. ಫೋನಿನಲ್ಲಿ ಅಪ್ಪ, "ಕಾಲೇಜು ತಪ್ಪಬಾರದು, ಹಾಕಿಸು" ಎಂದುಬಿಟ್ಟರು. ನನ್ನ ಮನಸ್ಸು ಒಪ್ಪಲಿಲ್ಲ. ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಸಿಂಧನೂರಿನಲ್ಲಿ ನಾವೆಲ್ಲ ಚಾಚಾ ಎಂದು ಕರೆಯುವ ಹಿರಿಯ ಮೆಕ್ಯಾನಿಕರ ಬಳಿಗೆ ಹೋದೆ.

ಚಾಚಾ ಮಲ್ಟಿಮೀಟರು ತೆಗೆದರು. ಬ್ಯಾಟರಿ 12.3 ವೋಲ್ಟು ತೋರಿತು. ಪಂಪಿನ ಕನೆಕ್ಟರು ಬಿಡಿಸಿ, ನಾನು ಕೀಲಿ ತಿರುಗಿಸಿದ ಕ್ಷಣದಲ್ಲೇ ಅಳೆದರು, 12.2 ಬಂತು.

"ಕರೆಂಟು ಪೂರಾ ಬರ್ತದ ಚಾಚಾ. ಹಂಗಾದರ ಪಂಪೇ ಕೆಟ್ಟದ" ಎಂದೆ, ಜಾಣನಂತೆ.

ಚಾಚಾ ನಕ್ಕರು. "ತಮ್ಮಾ, ಸುಮ್ಮನ ಕುಂತವನ್ನ ಕೇಳಿದರ ಎಲ್ಲಾ ಬರೋಬ್ಬರಿ ಅಂತಾನ. ದುಡಿಯುವಾಗ ಕೇಳು."

ಕನೆಕ್ಟರನ್ನು ಮತ್ತೆ ಜೋಡಿಸಿ, ಹಿಂಬದಿಯಿಂದ ಮೀಟರಿನ ಸೂಜಿ ತಾಗಿಸಿ ಅಳೆದರೆ ಬರೀ 7.1! ಬಳಿಕ ಪಂಪಿನ ಮೈನಸ್ ತಂತಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದರು. ಸೊನ್ನೆಯ ಹತ್ತಿರ ಇರಬೇಕಾದದ್ದು ಸುಮಾರು 5 ವೋಲ್ಟು ಇತ್ತು. ಅರ್ತಿಂಗ್ ತಂತಿಯ ತುದಿ ಹಸಿರು ಕಿಲುಬು ಹಿಡಿದು, ಪಂಪಿನ ಪಾಲನ್ನು ತಾನೇ ತಿನ್ನುತ್ತಿತ್ತು. ಉಜ್ಜಿ ಬಿಗಿದ ಮೇಲೆ 11.9 ಬಂತು, 'ಗುಂಯ್' ಎಂಬ ಸದ್ದೂ ಗಟ್ಟಿಯಾಗಿ ಕೇಳಿಸಿತು. ದುಡಿಯುವಾಗಲೂ ಪೂರ್ಣ ವೋಲ್ಟೇಜು ಸಿಕ್ಕು ಪಂಪು ಸೋತರೆ ಮಾತ್ರ ಅದರ ಮೇಲೆ ಸಂಶಯಪಡಬೇಕೆಂದು ಚಾಚಾ ಹೇಳಿದರು.

ನಾನು ಇತಿಹಾಸದ ವಿದ್ಯಾರ್ಥಿ. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬ ಊಹೆಗೆ 1915ರಲ್ಲಿ ದೊರೆತ ಮಸ್ಕಿಯ ಶಾಸನ ಅವನ ಹೆಸರಿನ ಸಮೇತ ಸಾಕ್ಷಿ ಒದಗಿಸಿತೆಂದು ಅಂಕಗಳಿಗಾಗಿ ಎಷ್ಟೋ ಸಲ ಬರೆದಿದ್ದೇನೆ. ಊಹೆಗೂ ಸಾಕ್ಷಿಗೂ ಇರುವ ಅಂತರ ಮನಸ್ಸಿಗೆ ತಟ್ಟಿದ್ದು ಮಾತ್ರ ಚಾಚಾರ ಅಂಗಡಿಯಲ್ಲಿ.

ಆ ವಾರ ಗೊಬ್ಬರದ ಚೀಲವನ್ನು ಅದೇ ಗಾಡಿಯ ಮೇಲೆ ಮನೆಗೆ ತಂದೆವು.