ಎರಡು ಸಾವಿರ ಸಲ ಒಂದೇ ಪಾತ್ರ

ಹಮಾಮತ್ಸು ಎಂದೊಡನೆ ನಮ್ಮವರಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸುಜುಕಿ ಕಂಪನಿ. ಮಾರುತಿ ಕಾರಿನೊಂದಿಗೆ ನಮ್ಮ ಮನೆಮಾತಾದ ಆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲಿದೆ. ಆದರೆ ಜಪಾನೀಯರ ಪಾಲಿಗೆ ಇದು ಮೊದಲಿನಿಂದಲೂ ವಾದ್ಯಗಳ ಊರು. 1887ರಲ್ಲಿ ಇಲ್ಲಿನ ಪ್ರಾಥಮಿಕ ಶಾಲೆಯೊಂದರ ವಿದೇಶೀ ಆರ್ಗನ್ ಕೆಟ್ಟಾಗ ಅದನ್ನು ದುರಸ್ತಿ ಮಾಡಿದ ತೊರಾಕುಸು ಯಮಹಾ, ಅನಂತರ ತಾವೇ ಒಂದನ್ನು ತಯಾರಿಸಿ, ಸಂಗಡಿಗರೊಬ್ಬರೊಡನೆ ಹೆಗಲ ಮೇಲೆ ಹೊತ್ತು, ಹಕೋನೆ ಘಟ್ಟವನ್ನು ದಾಟಿ ಟೋಕಿಯೋಗೆ ಒಯ್ದರು. ಗಾಳಿಯಿಂದ ಲೋಹದ ನಾಲಿಗೆಗಳು ಮಿಡಿದು ನುಡಿಯುವ ಆ ವಾದ್ಯ ನಮ್ಮ ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂನ ಹತ್ತಿರದ ಬಂಧು.

ಈ ಊರಿನ ಆಕ್ಟ್ ಸಿಟಿ ಸಭಾಂಗಣದಲ್ಲಿ 1996ರಿಂದ ಮೂರು ವರ್ಷಗಳಿಗೊಮ್ಮೆ ನಡೆಯುವಂತೆ ಶಿಜುಓಕ ಅಂತರರಾಷ್ಟ್ರೀಯ ಒಪೆರಾ ಸ್ಪರ್ಧೆ ಏರ್ಪಟ್ಟಿದೆ. ಅದು ತಮಾಕಿ ಮಿಯುರಾ ಎಂಬ ಗಾಯಕಿಯ ಐವತ್ತನೆಯ ಪುಣ್ಯತಿಥಿಯ ವರ್ಷದಲ್ಲಿ ಅವರ ಸ್ಮರಣೆಗಾಗಿ ಆರಂಭವಾದದ್ದು. ತಮಾಕಿ ಹುಟ್ಟಿದ್ದು ಟೋಕಿಯೋದಲ್ಲಿ; ಅವರ ಹಿರಿಯರ ಮೂಲ ಮಾತ್ರ ಹಮಾಮತ್ಸು ಸೇರಿರುವ ಈ ಶಿಜುಓಕ ಪ್ರಾಂತ. ಹುಟ್ಟಿದ ವರ್ಷ 1884; ನಮ್ಮ ಗುಬ್ಬಿ ನಾಟಕ ಕಂಪನಿ ಸ್ಥಾಪನೆಯಾದದ್ದೂ ಅದೇ ವರ್ಷ.

ಒಪೆರಾ ಎಂದರೆ ಸಂಗೀತವೇ ಮಾತಾದ ನಾಟಕ. ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ಪಾತ್ರಧಾರಿ ಕುಣಿದು ಅರ್ಥ ಹೇಳುತ್ತಾನೆ. ಒಪೆರಾದಲ್ಲಿ ಪಾತ್ರಧಾರಿಯೇ ಹಾಡಬೇಕು. ಅದೂ ಮೈಕಿನ ಹಂಗಿಲ್ಲದೆ, ಇಡೀ ವಾದ್ಯವೃಂದವನ್ನು ಮೀರಿ ಕಟ್ಟಕಡೆಯ ಸಾಲಿಗೆ ಕೇಳುವಂತೆ. ಎಳವೆಯಲ್ಲಿ ಜಪಾನೀ ನೃತ್ಯವನ್ನೂ ಕೊಟೊ ವಾದ್ಯವನ್ನೂ ಕಲಿತಿದ್ದ ತಮಾಕಿ, ಟೋಕಿಯೋ ಸಂಗೀತ ಶಾಲೆಗೆ ಸೈಕಲ್ಲಿನಲ್ಲಿ ಹೋಗಿಬರುತ್ತ ಈ ಕಲೆಯನ್ನು ಅಭ್ಯಾಸ ಮಾಡಿದರು. 1903ರಲ್ಲಿ ಜಪಾನೀಯರೇ ಪ್ರದರ್ಶಿಸಿದ ಮೊದಲ ಒಪೆರಾದಲ್ಲಿ ನಾಯಕಿಯಾದರು. ಹೆಣ್ಣು ಸೈಕಲ್ ಏರಿದ್ದು ಒಂದು ಸುದ್ದಿಯಾದರೆ, ಮೊದಲ ಮದುವೆ ಮುರಿದದ್ದು ಪತ್ರಿಕೆಗಳಿಗೆ ಇನ್ನೊಂದು ಸುದ್ದಿಯಾಯಿತು. ರಂಗವೇರಿದ ಹೆಣ್ಣನ್ನು ಲೋಕ ಕಾಣುವ ಬಗೆ ನಮ್ಮಲ್ಲಿಯೂ ಅವರಲ್ಲಿಯೂ ಬಹಳ ಬೇರೆಯಾಗಿರಲಿಲ್ಲ.

1914ರಲ್ಲಿ ವೈದ್ಯರಾಗಿದ್ದ ಪತಿಯೊಡನೆ ಜರ್ಮನಿಗೆ ಹೋದಾಗ ಮಹಾಯುದ್ಧ ಆರಂಭವಾಯಿತು. ದಂಪತಿಗಳು ಲಂಡನ್ನಿಗೆ ಬಂದರು. ಮರುವರ್ಷ ಅಲ್ಲಿ ತಮಾಕಿ, ಪುಚ್ಚಿನಿಯ ‘ಮದಾಮ ಬಟರ್‌ಫ್ಲೈ’ಯಲ್ಲಿ ಅಮೆರಿಕದ ನೌಕಾಧಿಕಾರಿಯ ಹಾದಿ ಕಾಯುವ ನಾಗಸಾಕಿಯ ಹುಡುಗಿಯ ಪಾತ್ರ ವಹಿಸಿದರು. ಅಲ್ಲಿಂದ ಅಮೆರಿಕಕ್ಕೆ, ಮತ್ತೆ ಯುರೋಪಿಗೆ. ಎಲ್ಲಿ ಹೋದರೂ ಅದೇ ಪಾತ್ರಕ್ಕೆ ಕರೆ. ಜಪಾನನ್ನು ಕಣ್ಣಾರೆ ಕಾಣದೆ ಆ ನಾಯಕಿಯನ್ನು ಸೃಷ್ಟಿಸಿದ್ದ ಪುಚ್ಚಿನಿ, 1920ರಲ್ಲಿ ಅವರನ್ನು ತಮ್ಮ ಮನೆಗೆ ಬರಮಾಡಿಕೊಂಡು ಗೌರವಿಸಿದರು.

ಆಕೆ ಹಾಡಿದ ಇತರ ಪಾತ್ರಗಳನ್ನು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಮಸ್ಕಾಗ್ನಿಯ ‘ಐರಿಸ್’, ಮೆಸ್ಸಜೆಯ ‘ಮದಾಮ್ ಕ್ರಿಸಾಂತೆಮ್’, 1925ರಲ್ಲಿ ಚಿಕಾಗೋದಲ್ಲಿ ಮೊದಲು ಕಂಡ ಫ್ರಾಂಕೆಟ್ಟಿಯ ‘ನಮಿಕೋಸಾನ್’ – ಎಲ್ಲವೂ ಪಾಶ್ಚಾತ್ಯರು ಕಲ್ಪಿಸಿಕೊಂಡ ಜಪಾನೀ ಹೆಣ್ಣುಗಳೇ. ಪಶ್ಚಿಮದ ರಂಗ ಆಕೆಗೆ ಬಾಗಿಲು ತೆರೆಯಿತು, ನಿಜ. ಆದರೆ ಕಿಮೊನೊ ಉಟ್ಟು ಬಂದಾಗ ಮಾತ್ರ. 1935ರಲ್ಲಿ ಸಿಸಿಲಿಯ ಪಲೆರ್ಮೊದಲ್ಲಿ ಆ ಒಂದೇ ಪಾತ್ರದ ಎರಡು ಸಾವಿರದ ಪ್ರದರ್ಶನವನ್ನು ಮುಗಿಸಿ ಅವರು ತಾಯ್ನಾಡಿಗೆ ಮರಳಿದರು.

ಈ ಸಂಗತಿ ನನ್ನನ್ನು ತಟ್ಟಲು ಕಾರಣವಿದೆ. ಇಲ್ಲಿಯ ಶಾಲೆಗಳಲ್ಲಿ ತರಗತಿ ತರಗತಿಗಳ ನಡುವೆ ವೃಂದಗಾನದ ಸ್ಪರ್ಧೆಗಳು ನಡೆಯುತ್ತವೆ. ಅದರಲ್ಲಿ ಹಾಡಿದ ನನ್ನ ಮಗಳು ಪಾಶ್ಚಾತ್ಯ ಗಾಯನವನ್ನೇ ಕ್ರಮವಾಗಿ ಕಲಿಯುತ್ತೇನೆಂದಳು. ಧಾರವಾಡದಲ್ಲಿರುವ ನನ್ನ ತಾಯಿಗೆ ಫೋನಿನಲ್ಲಿ ತಿಳಿಸಿದಾಗ ಬಂದ ಮಾತು ಇಷ್ಟೇ: “ನಮ್ಮ ಹಾಡು ಬಿಟ್ಟು ಮಂದೀ ಹಾಡು ಯಾಕ ಕಲಸ್ತೀಯವಾ?”

ತಾಯಿಯ ದೃಷ್ಟಿಯಲ್ಲಿ ‘ನಮ್ಮ ಹಾಡು’ ಎಂದರೆ ಗಂಗೂಬಾಯಿ ಹಾನಗಲ್ಲರ ಹಾಡು. ಅದರ ಮೂಲವನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಉತ್ತರ ಪ್ರದೇಶದ ಕೈರಾನಾ ಎಂಬ ಊರನ್ನು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಕುಂದಗೋಳದ ರಾಮಭಾವುಗೆ ವಿದ್ಯೆ ಕೊಟ್ಟರು. ಸವಾಯಿ ಗಂಧರ್ವರೆಂದು ಹೆಸರಾದ ಆ ಶಿಷ್ಯರಿಂದ ಅದು ಗಂಗೂಬಾಯಿಯವರಿಗೂ ಭೀಮಸೇನ ಜೋಶಿಯವರಿಗೂ ಬಂತು. ಖಯಾಲಿನ ಬಂದಿಶುಗಳ ಭಾಷೆ ಕನ್ನಡವಲ್ಲ. ಆದರೂ ಮೂರು ತಲೆಮಾರಿನ ಸಾಧನೆಯಿಂದ ಅದು ಧಾರವಾಡದ ಮಣ್ಣಿನದಾಯಿತು. ಇಂದು ಅದನ್ನು ಪರರ ಹಾಡೆಂದು ಯಾರೂ ಹೇಳಲಾರರು. ನಾನು ಹೀಗೆಂದಾಗ ತಾಯಿ ಒಪ್ಪಲಿಲ್ಲ. “ಅವರು ಸೀರಿ ಉಟಗೊಂಡ ಹಾಡಿದರವಾ” ಎಂದರು. ಆ ಮಾತನ್ನೂ ತಳ್ಳಿಹಾಕಲಾಗದು.

ತಮಾಕಿಯವರ ಬಾಳಿನ ಕೊನೆಯ ಅಧ್ಯಾಯ ಇಲ್ಲಿ ನೆರವಿಗೆ ಬರುತ್ತದೆ. 1945ರ ಡಿಸೆಂಬರಿನಲ್ಲಿ, ಬಾಂಬಿನಿಂದ ಸುಟ್ಟು ಕರಕಾಗಿದ್ದ ಟೋಕಿಯೋದ ಹಿಬಿಯಾ ಸಭಾಭವನದಲ್ಲಿ ಅವರು ಶೂಬರ್ಟನ ‘ಚಳಿಗಾಲದ ಪಯಣ’ವನ್ನು ಹಾಡಿದರು. ಅದು ಇಪ್ಪತ್ತನಾಲ್ಕು ಗೀತೆಗಳ ಮಾಲೆ. ಅದರಲ್ಲಿ ವೇಷವಿಲ್ಲ, ಕಿಮೊನೊ ಉಡಬೇಕಾದ ನಾಯಕಿಯಿಲ್ಲ. ಒಲವನ್ನು ಕಳೆದುಕೊಂಡು ಹಿಮದಲ್ಲಿ ನಡೆಯುವ ಒಬ್ಬ ಗಂಡಸಿನ ದನಿಯಿದೆ. ಮುಂದಿನ ಮಾರ್ಚಿಯಲ್ಲಿ, ಕಾಯಿಲೆಯ ನಡುವೆಯೂ, ಶೂಬರ್ಟನ ಇನ್ನೊಂದು ಗೀತಮಾಲೆಯನ್ನು ಹಾಡಿದರು. 1946ರ ಮೇ 26ರಂದು, 62ನೆಯ ವಯಸ್ಸಿನಲ್ಲಿ ತೀರಿಕೊಂಡರು. ಎರಡು ಸಾವಿರ ಸಲ ಲೋಕ ಬೇಡಿದ್ದನ್ನು ಕೊಟ್ಟ ಕಂಠ, ಕೊನೆಗೆ ತನಗೆ ಬೇಕಾದುದನ್ನು ಆರಿಸಿಕೊಂಡಿತು.

ಹೊರನಾಡಿನ ನಾವೆಲ್ಲರೂ ಒಂದಲ್ಲ ಒಂದು ದಿನ ಅಂಥ ಪಾತ್ರವನ್ನು ವಹಿಸಿದವರೇ. ನೆರೆಹೊರೆಯವರ ಉತ್ಸವಕ್ಕೆ ಕರೆ ಬಂದರೆ ರೇಷ್ಮೆ ಸೀರೆ ಉಡುತ್ತೇವೆ, ಮಕ್ಕಳಿಗೆ ಹೂ ಮುಡಿಸುತ್ತೇವೆ. ಅದರಲ್ಲಿ ಸುಳ್ಳಿಲ್ಲ, ಸಂತೋಷವೂ ಇದೆ. ಆದರೆ ನಮ್ಮ ಮಕ್ಕಳಿಗೆ ಆ ಒಂದು ಪಾತ್ರವಷ್ಟೇ ಉಳಿಯಬಾರದು. ಆಕ್ಟ್ ಸಿಟಿಯ ಸ್ಪರ್ಧೆಯಲ್ಲಿ ಯಾವ ದೇಶದ ಯುವಕ ಯುವತಿಯರೂ ಯಾವ ದೇಶದ ನಾಯಕ ನಾಯಕಿಯಾಗಿಯಾದರೂ ಹಾಡಬಹುದು. ತಮಾಕಿಯವರಿಗೆ ದೊರೆಯದಿದ್ದ ಆ ಸ್ವಾತಂತ್ರ್ಯ ಅವರ ನೆನಪಿನಲ್ಲೇ ಇತರರಿಗೆ ದೊರೆಯುತ್ತಿದೆ.

ಮಗಳು ಈಗ ಶೂಬರ್ಟನ ಗೀತೆಯೊಂದನ್ನು ಅಭ್ಯಾಸ ಮಾಡುತ್ತಿದ್ದಾಳೆ. ಅದರ ಅರ್ಥವನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿಕೊಡುವ ಕೆಲಸವನ್ನು ಅವಳಿಗೇ ವಹಿಸಿದ್ದೇನೆ.